ಮ್ಯಾಜಿಕ್‌ನವನ ಕಣ್ಣು

ಮ್ಯಾಜಿಕ್ ಮಾಡಿಕೊಂಡಿದ್ದು, ಆಮೇಲೆ ಪೋಕರ್ ಅನ್ನುವ ಇಸ್ಪೀಟಾಟದ ಟೂರ್ನಮೆಂಟ್‌ಗಳಲ್ಲಿ ದೊಡ್ಡ ಹೆಸರು ಮಾಡಿದ ಆಂಟೋನಿಯೋ ಎಸ್ಫಾಂಡಿಯಾರಿ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: "ಮ್ಯಾಜಿಕ್‌ನವನ ಕೈಗೆ ಇಸ್ಪೀಟು ಕೊಟ್ಟರೆ ಗೆಲ್ಲದೆ ಇನ್ನೇನು? ಒಂದೋ ಮೋಸ, ಇಲ್ಲ ಅದೃಷ್ಟ. ಯುಗಾದಿ ಜೂಜಿನಲ್ಲಿ ಮನೆಗಳು ಹಾಳಾದದ್ದನ್ನು ಕಣ್ಣಾರೆ ನೋಡಿದ್ದೇವೆ. ಇಂಥವನನ್ನು ನೀವು ಮೆರೆಸಬಾರದಿತ್ತು. ನನ್ನ ತಂಗಿಯ ಮಗನೂ ಪುಸ್ತಕ ಬದಿಗಿಟ್ಟು ನಾಣ್ಯ ಮಾಯ ಮಾಡುತ್ತಾ ಕೂತಿರುತ್ತಾನೆ. ಇದನ್ನು ಓದಿ ಅವನೇನು ಕಲಿಯಬೇಕು?"

ಜೂಜಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಹೊಸತೊಡಕಿನ ದಿನ ತೋಪಿನಲ್ಲಿ ಅಂದರ್ ಬಾಹರ್‌ಗೆ ಕೂತು ಕಬ್ಬಿನ ದುಡ್ಡು ಕಳೆದವರು ನಮ್ಮ ನೆಂಟರಲ್ಲೂ ಇದ್ದಾರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದಾಗ ನನಗೂ ಸಮಾಧಾನವಾಯಿತು.

ಆದರೆ "ಒಂದೋ ಮೋಸ, ಇಲ್ಲ ಅದೃಷ್ಟ" ಅಂದಿರಲ್ಲ, ಆ ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ. ಕಷ್ಟಪಟ್ಟು ಕಲಿತ ಕೆಲಸಕ್ಕೆ ನಾವು ಎಷ್ಟು ಸಲೀಸಾಗಿ ಈ ಎರಡು ಹೆಸರು ಇಟ್ಟುಬಿಡುತ್ತೇವೆ!

ಮೊದಲು ಮೋಸದ ಮಾತು. ದೊಡ್ಡ ಟೂರ್ನಮೆಂಟ್‌ನಲ್ಲಿ ಎಲೆ ಕಲೆಸುವವನೂ ಡೀಲರ್, ಹಂಚುವವನೂ ಡೀಲರ್. ಅವನು ನಡೆಸುವವರ ಕಡೆಯವನು, ಆಟಗಾರನಲ್ಲ. ಆಟಗಾರ ಮುಟ್ಟುವುದು ತನ್ನ ಎರಡೇ ಎಲೆಗಳನ್ನು. ಎಲ್ಲರಿಗೂ ಸೇರಿದ ಉಳಿದ ಐದು ಮೇಜಿನ ನಡುವೆ, ಎಲ್ಲರ ಕಣ್ಣೆದುರು ಬೀಳುತ್ತವೆ. ಕೈಚಳಕ ತೋರಿಸುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಇನ್ನು ಅದೃಷ್ಟ. ಅದು ಇದ್ದೇ ಇದೆ. ಆದರೆ ಕೈಗೆ ಎರಡು ಎಕ್ಕ, ಅಂದರೆ ಎಲ್ಲಕ್ಕಿಂತ ಒಳ್ಳೆಯ ಜೋಡಿ, ಬರುವುದು ಸರಾಸರಿ 221 ಆಟಕ್ಕೆ ಒಂದು ಸಲ. ನನಗೂ ಅಷ್ಟೇ, ನಿಮಗೂ ಅಷ್ಟೇ, ಎಸ್ಫಾಂಡಿಯಾರಿಗೂ ಅಷ್ಟೇ. ಮಿಕ್ಕ 220 ಸಲ ಏನು ಮಾಡುತ್ತೀರಿ ಅನ್ನುವುದರಲ್ಲಿ ಆಟವಿದೆ. ಅಂದರ್ ಬಾಹರ್‌ನಲ್ಲಿ ಒಳಗೋ ಹೊರಗೋ ಅಂತ ದುಡ್ಡು ಇಟ್ಟ ಮೇಲೆ ಸುಮ್ನೆ ನೋಡುತ್ತಾ ಕೂರಬೇಕು. ಪೋಕರ್‌ನಲ್ಲಿ ನಾಲ್ಕು ಸುತ್ತು ಪಣ ಇರುತ್ತದೆ. ಪ್ರತಿ ಸುತ್ತಿನಲ್ಲೂ ಎಲೆ ಬಿಸಾಕಿ ಹಿಂದೆ ಸರಿಯಬಹುದು. ಉಳಿದವರೆಲ್ಲ ಸರಿದರೆ ಕೆಟ್ಟ ಎಲೆ ಹಿಡಿದವನೂ ಗೆಲ್ಲುತ್ತಾನೆ. ಒಳ್ಳೆಯ ಎಲೆ ಬರಲಿ ಅಂತ ಕಾದು ಕೂರೋಣ ಅಂದರೆ ಅದೂ ಆಗದು. ಹೊತ್ತು ಹೋದ ಹಾಗೆ ಕಡ್ಡಾಯ ಪಣ ಏರುತ್ತದೆ, ಪಣಕ್ಕೆ ಇಡುವ ಬಿಲ್ಲೆಗಳು ಕರಗುತ್ತವೆ. ಆಗ ಎದುರು ಕೂತವನನ್ನು ಓದಲೇಬೇಕು. ಅವನು ಹೆದರಿದ್ದಾನಾ, ಹೆದರಿದ ಹಾಗೆ ನಟಿಸುತ್ತಿದ್ದಾನಾ?

ಮ್ಯಾಜಿಕ್‌ನವನು ಹೊಟ್ಟೆ ಹೊರೆಯುವುದೇ ಈ ವಿದ್ಯೆಯಿಂದ ಅಲ್ವಾ? ನೋಡುವವರ ಕಣ್ಣು ಎಲ್ಲಿ ಹೋಗುತ್ತದೆ, ಅನುಮಾನ ಯಾವ ಗಳಿಗೆಯಲ್ಲಿ ಹುಟ್ಟುತ್ತದೆ, ಎಷ್ಟು ಹೊತ್ತು ಮೌನ ತಡೆಯುತ್ತದೆ, ಇದೆಲ್ಲ ಅವನಿಗೆ ಗೊತ್ತಿರಬೇಕು. ಎಸ್ಫಾಂಡಿಯಾರಿ 1978ರಲ್ಲಿ ಟೆಹರಾನ್‌ನಲ್ಲಿ ಹುಟ್ಟಿದವನು. ಒಂಬತ್ತು ವರ್ಷದವನಿದ್ದಾಗ ಮನೆಯವರ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೋದ. ಮ್ಯಾಜಿಕ್ ಕಲಿತು ಅದರಿಂದಲೇ ಬದುಕಿದ. 2004ರಲ್ಲಿ ಲಾಸ್ ಏಂಜಲೀಸ್‌ನ ಟೂರ್ನಮೆಂಟ್ ಗೆದ್ದಾಗ ಸುಮಾರು 14 ಲಕ್ಷ ಡಾಲರ್ ಬಂತು. 2012ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಆಟಕ್ಕೆ ಪ್ರವೇಶ ಶುಲ್ಕವೇ 10 ಲಕ್ಷ ಡಾಲರ್. 48 ಜನ ಆಡಿದರು. ಕೊನೆಗೆ ಸ್ಯಾಮ್ ಟ್ರಿಕೆಟ್‌ನನ್ನು ಸೋಲಿಸಿ 1,83,46,673 ಡಾಲರ್ ಬಹುಮಾನ ಗೆದ್ದವನು ಇವನೇ. 2004ರ ಗೆಲುವಿಗೂ ಇದಕ್ಕೂ ನಡುವೆ ಎಂಟು ವರ್ಷ. ಅಷ್ಟು ವರ್ಷ ಅದೃಷ್ಟವೊಂದೇ ಕೈಹಿಡಿದು ನಡೆಸಿತು ಅಂತೀರಾ?

ಆ ಆಟದ ಪ್ರತಿ ಪ್ರವೇಶ ಶುಲ್ಕದಲ್ಲೂ 1,11,111 ಡಾಲರ್ ಬಡವರಿಗೆ ನೀರು ಒದಗಿಸುವ ಒಂದು ಸಂಸ್ಥೆಗೆ ಹೋಯಿತು. ಆ ಸಂಸ್ಥೆ ಕಟ್ಟಿದ ಗೀ ಲಾಲಿಬರ್ಟೆ ದೊಡ್ಡ ಸರ್ಕಸ್ ಕಂಪನಿಯ ಒಡೆಯನಾಗುವ ಮೊದಲು ಬೀದಿಯಲ್ಲಿ ಬೆಂಕಿ ಉಗುಳಿ ಜನ ಸೇರಿಸುತ್ತಿದ್ದವನು. ನಟಿ ಜೆನಿಫರ್ ಟಿಲ್ಲಿ ಕೂಡ ಹಾಗೆಯೇ. ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದವಳು, 2005ರಲ್ಲಿ ವಿಶ್ವ ಪೋಕರ್ ಸರಣಿಯ ಮಹಿಳಾ ವಿಭಾಗದಲ್ಲಿ 600ಕ್ಕೂ ಜಾಸ್ತಿ ಆಟಗಾರ್ತಿಯರ ನಡುವೆ ಗೆದ್ದಳು. ಜನರೆದುರು ನಿಂತು ದುಡಿದವರ ಕಣ್ಣು ಬೇರೆಯೇ ರೀತಿ ಪಳಗಿರುತ್ತದೆ. ರಾಜ್‌ಕುಮಾರ್ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದವರು ಅನ್ನುವುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಪಳಗುವಿಕೆ ಎಂಥದ್ದು ಅಂತ ಮಾತ್ರ ಯೋಚಿಸುವುದಿಲ್ಲ.

ನಾನು ಹುಡುಗನಾಗಿದ್ದಾಗ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಒಬ್ಬ ಮ್ಯಾಜಿಕ್‌ನವನನ್ನು ನೋಡಿದ್ದೆ. ಕಿಕ್ಕಿರಿದ ಜನರಲ್ಲಿ ನನ್ನನ್ನೇ ಕರೆದ. ಯಾಕೆ ನನ್ನನ್ನೇ ಅಂತ ಆಮೇಲೆ ಕೇಳಿದೆ. "ನೀನು ನನ್ನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದೆ ಮಗಾ" ಅಂದ. ಅಷ್ಟು ಜನರ ನಡುವೆ ಅದು ಅವನಿಗೆ ಕಂಡಿತ್ತು. ದೊಡ್ಡವನಾದ ಮೇಲೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಇನ್ನೊಬ್ಬ ಕಲಾವಿದರನ್ನು ನಾನೇ ಒಪ್ಪಿಸಿ ಕರೆತಂದಿದ್ದೆ. ಒಂದೂವರೆ ಗಂಟೆ ಮಕ್ಕಳನ್ನು ಹಿಡಿದಿಟ್ಟರು. ಶಾಮಿಯಾನದವರಿಗೂ ಮೈಕಿನವರಿಗೂ ಪೂರ್ತಿ ದುಡ್ಡು ಸಂದಿತು. ಇವರಿಗೆ ಅರ್ಧ. "ಅವರದ್ದೇನು, ಸುಮ್ನೆ ಕೈಚಳಕ ತಾನೆ" ಅಂದರು. ಅವರು ಕವರ್ ಬಿಚ್ಚಿ ನೋಡಲೂ ಇಲ್ಲ, ನಮಸ್ಕಾರ ಹೇಳಿ ಬಸ್ಸಿಗೆ ಹೊರಟರು. ನನಗೆ ಇವತ್ತಿಗೂ ಆ ಸಂಕಟ ಇದೆ.

ಎಲೆ ಅಂದ ಕೂಡಲೇ ಮೂಗು ಮುರಿಯುವ ನಾವು ಯಾವ ಸೀಮೆಯವರು ಹೇಳಿ? ಮುಮ್ಮಡಿ ಕೃಷ್ಣರಾಜ ಒಡೆಯರ್ ಅರಮನೆಯಲ್ಲಿ ಕೂತು ಕೈಯಲ್ಲಿ ಚಿತ್ರ ಬರೆದ ಎಲೆಗಳಿಂದ ಆಡುವ ಹೊಸ ಹೊಸ ಗಂಜೀಫಾ ಆಟಗಳನ್ನು ರೂಪಿಸಿದರು. ಒಂದರಲ್ಲಿ 36 ಎಲೆ, ಇನ್ನೊಂದರಲ್ಲಿ 360. ಎಲೆಯ ಮೇಲೆಲ್ಲ ದೇವರ ಚಿತ್ರಗಳು. ಅಷ್ಟು ಎಲೆ ನೆನಪಿಟ್ಟು ಆಡುವುದು ಬುದ್ಧಿಯ ಕಸರತ್ತು. ಆ ಚಿತ್ರಕಲೆಗೆ ನಮ್ಮ ಕಾಲದಲ್ಲಿ ಮತ್ತೆ ಜೀವ ಕೊಟ್ಟವರು ರಘುಪತಿ ಭಟ್ಟರು. ಅವರ ಹೆಸರು ನಿಮ್ಮ ಜಿಲ್ಲೆಯ ಎಷ್ಟು ಶಾಲೆಯ ಮಕ್ಕಳಿಗೆ ಗೊತ್ತು? ಅಂದರ್ ಬಾಹರ್ ಮಾತ್ರ ಎಲ್ಲರಿಗೂ ಗೊತ್ತು.

ನೀವು ಕಾಳಜಿಯಿಂದಲೇ ಬರೆದಿದ್ದೀರಿ, ಪತ್ರದ ಸಾಲು ಸಾಲಿನಲ್ಲೂ ಅದು ಕಾಣುತ್ತದೆ. ಆ ಹುಡುಗ ಪೋಕರ್ ಆಡಲಿ ಅಂತ ನಾನು ಹೇಳುತ್ತಿಲ್ಲ, ಪರೀಕ್ಷೆಗೂ ಓದಲಿ. ಆದರೆ ನಾಣ್ಯ ಕಿತ್ತುಕೊಳ್ಳಬೇಡಿ. ಒಂದೇ ನಾಣ್ಯವನ್ನು ತಿಂಗಳುಗಟ್ಟಲೆ ಬೆರಳ ಸಂದಿಯಲ್ಲಿ ಹೊರಳಿಸುವ ತಾಳ್ಮೆ ಇರುವ ಮಕ್ಕಳು ಎಷ್ಟು ಜನ ಇದ್ದಾರೆ? ಒಂದು ಭಾನುವಾರ ಅವನನ್ನು ಮೈಸೂರಿಗೆ, ನಮ್ಮ ಕಚೇರಿಗೆ ಕರೆದುಕೊಂಡು ಬನ್ನಿ. ನಾವೆಲ್ಲ ಕೂತು ನೋಡುತ್ತೇವೆ. ಸಂಭಾವನೆ ಎಷ್ಟು ಅಂತ ಅವನೇ ಹೇಳಲಿ, ಪೂರ್ತಿ ಕೊಡುತ್ತೇನೆ.

- ಸಂಪಾದಕ