ಫ್ಯಾಸಿನೇಟ್ ಅಂದ್ರೆ ಎಂತ, ಎಲ್ಲಿಂದ ಬಂದ ಶಬ್ದ?

ಸುಲಭದಲ್ಲಿ ಹೇಳುದಾದ್ರೆ ಮನಸ್ಸನ್ನ ಹಿಡಿದು ನಿಲ್ಲಿಸುದು. ಕುಂಬಳೆ ಬದಿ ಯಕ್ಷಗಾನ ಆಟಕ್ಕೆ ಹೋಗಿ ಚೆಂಡೆ ಪೆಟ್ಟು ಶುರುವಾದ್ಮೇಲೆ ಕೈಲಿದ್ದ ನೆಲಕಡ್ಲೆ ಪೊಟ್ಟಣ ಮರೆತೇ ಹೋಗ್ತದಲ್ಲ, ಅದೇ. ಬರೀ ಲೈಕ್ ಅಲ್ಲ ಮಾರಾಯ್ರೆ, ಅದಕ್ಕಿಂತ ಜೋರು. ನೋಡಿದವ ಫ್ಯಾಸಿನೇಟೆಡ್, ಆಟ ಫ್ಯಾಸಿನೇಟಿಂಗ್, ಇದನ್ನ ಸುಮಾರು ಜನ ಉಲ್ಟಾ ಮಾಡ್ತಾರೆ.

ಮೂಲ ಲ್ಯಾಟಿನಿನ 'ಫ್ಯಾಸಿನಾರೆ', ಅಂದ್ರೆ ಮಾಟ ಮಾಡುದು. ರೋಮನ್ನರು ದೃಷ್ಟಿ ತಾಗದಿರ್ಲಿ ಅಂತ ಮಕ್ಕಳ ಕುತ್ತಿಗೆಗೆ 'ಫ್ಯಾಸಿನಮ್' ಅನ್ನುವ ತಾಯತ ಕಟ್ತಿದ್ರು, ನಮ್ಮಲ್ಲಿ ಹೊಸ ಮನೆ ಎದುರು ಬೆರ್ಚಪ್ಪ ನಿಲ್ಲಿಸಿದ ಹಾಗೆ ಅನ್ನಿ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ್ಲೂ ಮಾಟದ ಅರ್ಥವೇ ಇದ್ದದ್ದು, ಈ ಒಳ್ಳೆ ಅರ್ಥ ಆಮೇಲೆ ಅಂಟಿದ್ದು.