ಥಂಡರ್‌ಬರ್ಡ್‌ನಲ್ಲಿ ಕನ್ನಡ ಅಕ್ಷರ ಸಣ್ಣ, ಸಹಿ ಎಲ್ಲೋ ಕೆಳಗೆ: ಸರಿಪಡಿಸುವುದು ಹೇಗೆ?

ಪ್ರಶ್ನೆ: ವಿಂಡೋಸ್ 11ರಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುತ್ತಿದ್ದೇನೆ. ಸೆಟ್ಟಿಂಗ್ಸ್‌ನ ಕಾಂಪೋಸಿಷನ್ ವಿಭಾಗದಲ್ಲಿ ಫಾಂಟ್ ತುಂಗಾ, ಗಾತ್ರ ಲಾರ್ಜ್ ಎಂದು ಇಟ್ಟಿದ್ದೇನೆ. ಆದರೂ ಬಂದ ಮೇಲ್‌ಗಳ ಕನ್ನಡ ಓದಲಾಗದಷ್ಟು ಸಣ್ಣದು. ನಾನು ಕಳಿಸಿದ್ದು ಆಚೆಯವರಿಗೆ ಬೇರೆ ಅಕ್ಷರದಲ್ಲಿ ಕಾಣುತ್ತದಂತೆ. ಏನು ಮಾಡಬೇಕು?

ಉತ್ತರ: ನೀವು ಬದಲಿಸಿರುವುದು ಬರೆಯುವಾಗಿನ ಫಾಂಟ್ ಮಾತ್ರ. ಓದುವಾಗಿನ ಫಾಂಟ್ ಇರುವ ಜಾಗವೇ ಬೇರೆ. ಸೆಟ್ಟಿಂಗ್ಸ್ ತೆರೆದು ‘ಫಾಂಟ್ಸ್ ಅಂಡ್ ಕಲರ್ಸ್’ ಭಾಗ ಹುಡುಕಿ, ಅಲ್ಲಿರುವ ‘ಅಡ್ವಾನ್ಸ್‌ಡ್’ ಗುಂಡಿ ಒತ್ತಿ. ಮೇಲ್ತುದಿಯಲ್ಲಿ ‘ಫಾಂಟ್ಸ್ ಫಾರ್’ ಎಂಬ ಪಟ್ಟಿ ಇದೆ. ಹೆಚ್ಚಿನವರು ಎಡವುವುದು ಇಲ್ಲೇ. ಪಟ್ಟಿಯಲ್ಲಿ ‘ಲ್ಯಾಟಿನ್’ ಇರುವಾಗಲೇ ಗಾತ್ರ ಬದಲಿಸಿ ಓಕೆ ಕೊಟ್ಟುಬಿಡುತ್ತಾರೆ. ಕನ್ನಡ ಮೇಲ್ ಮಾತ್ರ ಇದ್ದ ಹಾಗೇ ಇರುತ್ತದೆ.

ಪಟ್ಟಿಯಲ್ಲಿ ‘ಕನ್ನಡ’ ಆರಿಸಿ ಸೆರಿಫ್, ಸ್ಯಾನ್ಸ್ ಸೆರಿಫ್, ಮಾನೋಸ್ಪೇಸ್ ಮೂರಕ್ಕೂ ನಿಮಗೆ ಬೇಕಾದ ಕನ್ನಡ ಫಾಂಟ್ ಕೊಡಿ. ಆಮೇಲೆ ಅದೇ ಪಟ್ಟಿಯ ಕೊನೆಯಲ್ಲಿರುವ ‘ಅದರ್ ರೈಟಿಂಗ್ ಸಿಸ್ಟಮ್ಸ್’ಗೆ ಹೋಗಿ ಅಲ್ಲೂ ಗಾತ್ರ ಹೆಚ್ಚಿಸಿ. ಇದನ್ನು ಬಿಡಬೇಡಿ. ಈಗಿನ ಬಹುತೇಕ ಮೇಲ್‌ಗಳು ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಉಳಿಸುವ ಸಂಕೇತ ಪದ್ಧತಿ) ಬರುತ್ತವೆ, ಅಂಥವುಗಳ ಗಾತ್ರವನ್ನು ಥಂಡರ್‌ಬರ್ಡ್ ಈ ಗುಂಪಿನಿಂದ ತೆಗೆದುಕೊಳ್ಳುತ್ತದೆ. ಲ್ಯಾಟಿನ್, ಕನ್ನಡ, ಅದರ್ ಮೂರರಲ್ಲೂ ಒಂದೇ ಗಾತ್ರ ಇಟ್ಟರೆ ಗೊಂದಲವೇ ಇರುವುದಿಲ್ಲ.

ಸಾಮಾನ್ಯವಾಗಿ ಪ್ರೊಪೋರ್ಷನಲ್ (ಅಕ್ಷರಕ್ಕೆ ತಕ್ಕ ಅಗಲದ ಮಾಮೂಲಿ ಫಾಂಟ್) ಗಾತ್ರ 16, ಮಾನೋಸ್ಪೇಸ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಫಾಂಟ್) ಗಾತ್ರ 13 ಇರುತ್ತದೆ. ಅಲಂಕಾರವಿಲ್ಲದ ಸಾದಾ ಪಠ್ಯದ ಮೇಲ್‌ಗಳಿಗೆ ಆ 13ರ ಮಾನೋಸ್ಪೇಸ್ ಅನ್ವಯಿಸುವುದರಿಂದ ಅವು ಇನ್ನಷ್ಟು ಕುಗ್ಗಿ ಕಾಣುತ್ತವೆ. ಇಂಗ್ಲಿಷಿಗೆ 13 ಹೇಗೋ ಸಾಕಾದೀತು, ಕನ್ನಡಕ್ಕೆ ಸಾಲದು. ‘ರಾಷ್ಟ್ರೀಯ’ ಎಂದು ಬರೆದು 13ರಲ್ಲಿ ನೋಡಿ: ಷ ಅಕ್ಷರದ ಕೆಳಗಿನ ಟ ಒತ್ತು, ರ ಒತ್ತು ಎರಡೂ ಒಂದಕ್ಕೊಂದು ಮೆತ್ತಿಕೊಂಡು ಮಸಿಯ ಚುಕ್ಕೆಯಾಗಿಬಿಡುತ್ತವೆ. 17 ಅಥವಾ 18ಕ್ಕೆ ಏರಿಸಿದರೆ ಬಿಡಿಸಿಕೊಂಡು ಕಾಣುತ್ತವೆ. ಅದೇ ಕಿಟಕಿಯಲ್ಲಿ ‘ಯೂಸ್ ಫಿಕ್ಸ್‌ಡ್ ವಿಡ್ತ್ ಫಾಂಟ್ ಫಾರ್ ಪ್ಲೇನ್ ಟೆಕ್ಸ್ಟ್ ಮೆಸೇಜಸ್’ ಎಂಬುದರ ಟಿಕ್ ತೆಗೆದರೆ ಸಾದಾ ಪಠ್ಯವೂ ಮಾಮೂಲಿ ಫಾಂಟ್‌ನಲ್ಲೇ ಬರುತ್ತದೆ.

ಇನ್ನು ಆಚೆಯವರ ಕಡೆ. ಮೇಲ್ ಜೊತೆ ಫಾಂಟ್ ಹೋಗುವುದಿಲ್ಲ, ಫಾಂಟ್‌ನ ಹೆಸರು ಮಾತ್ರ ಹೋಗುತ್ತದೆ. ವಿಂಡೋಸ್ 10, 11ರಲ್ಲಿ ಎಲ್ಲರ ಬಳಿ ಇರುವ ಕನ್ನಡ ಫಾಂಟ್ ನಿರ್ಮಲಾ ಯುಐ. ತುಂಗಾ ಬೇಕಿದ್ದರೆ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಬೇರೆಯಾಗಿ ಹಾಕಿಕೊಂಡಿರಬೇಕು. ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ನೋಟೊ ಇರುತ್ತವೆ. ನೀವು ಹೇಳಿದ ಹೆಸರು ಅಲ್ಲಿ ಸಿಗದಿದ್ದರೆ ಆ ಯಂತ್ರ ತನ್ನಲ್ಲಿರುವುದನ್ನು ಹಾಕಿಕೊಳ್ಳುತ್ತದೆ. ಹಾಗಾಗಿ ಕಾಂಪೋಸಿಷನ್‌ನಲ್ಲಿ ಫಾಂಟ್ ಅನ್ನು ‘ವೇರಿಯಬಲ್ ವಿಡ್ತ್’ ಎಂದೇ ಬಿಡುವುದು ಒಳ್ಳೆಯದು. ಗಾತ್ರವನ್ನೂ ಮೀಡಿಯಂನಲ್ಲಿಡಿ, ಓದುವವರು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುತ್ತಾರೆ.

ಅಲ್ಲೇ ಕೆಳಗಿನ ‘ಸೆಂಡಿಂಗ್ ಫಾರ್ಮ್ಯಾಟ್’ ಒಮ್ಮೆ ನೋಡಿ. ‘ಆಟೊಮ್ಯಾಟಿಕ್’ ಇದ್ದರೆ, ದಪ್ಪಕ್ಷರ, ಬಣ್ಣದಂಥ ಅಲಂಕಾರವಿಲ್ಲದ ಮೇಲ್ ಸಾದಾ ಪಠ್ಯವಾಗಿ ಹೊರಡುತ್ತದೆ. ‘ಬೋತ್ ಎಚ್‌ಟಿಎಂಎಲ್ ಅಂಡ್ ಪ್ಲೇನ್ ಟೆಕ್ಸ್ಟ್’ ಆರಿಸಿದರೆ ಅಲಂಕಾರವಿರುವ ಎಚ್‌ಟಿಎಂಎಲ್, ಸಾದಾ ಪಠ್ಯ ಎರಡೂ ರೂಪ ಹೋಗುತ್ತವೆ. ವರ್ಡ್‌ನಿಂದ ಪಠ್ಯ ತಂದು ಹಾಕುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ, ಇಲ್ಲದಿದ್ದರೆ ವರ್ಡ್‌ನ ಫಾಂಟ್ ಕೂಡ ಹಿಂದೆಯೇ ಬರುತ್ತದೆ.

ಪ್ರಶ್ನೆ: ನೋಟ್‌ಪ್ಯಾಡ್‌ನಲ್ಲಿ ಕನ್ನಡದ ಸಹಿ ಬರೆದು ಕಡತದಿಂದ ಜೋಡಿಸಿದೆ. ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಮೇಲಾಗಿ ಉತ್ತರ ಬರೆಯುವಾಗ ಸಹಿ ಹಳೆಯ ಮೇಲ್‌ಗಳೆಲ್ಲ ಮುಗಿದ ಮೇಲೆ ತಳದಲ್ಲಿ ಹೋಗಿ ಕೂರುತ್ತದೆ.

ಉತ್ತರ: ಪ್ರಶ್ನಾರ್ಥಕ ಚಿಹ್ನೆ ಬಂದಿದೆಯೆಂದರೆ ಕಡತ ‘ಎಎನ್‌ಎಸ್‌ಐ’ ಎಂಬ ಹಳೆಯ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಉಳಿಸುವ ಸಂಕೇತ ಪದ್ಧತಿ) ಉಳಿದಿದೆ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಉಳಿಸಿದ ಕ್ಷಣದಲ್ಲೇ ಅಕ್ಷರಗಳು ಅಳಿಸಿಹೋಗಿವೆ. ಈಗ ಎನ್‌ಕೋಡಿಂಗ್ ಬದಲಿಸಿದರೆ ಅವು ಮರಳಿ ಬರುವುದಿಲ್ಲ. ಹೊಸದಾಗಿ ಟೈಪ್ ಮಾಡಿ, ‘ಸೇವ್ ಆ್ಯಸ್’ನಲ್ಲಿ ಯುಟಿಎಫ್-8 ಆರಿಸಿ ಉಳಿಸಬೇಕು. ಪ್ರಶ್ನಾರ್ಥಕದ ಬದಲು ನಡುನಡುವೆ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ ರೋಮನ್ ಅಕ್ಷರಗಳು ಕಂಡರೆ ಕಾರಣ ಬೇರೆ: ಸಹಿಯನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬರೆಯಲಾಗಿದೆ. ಆಗ ಅಕ್ಷರ ಹಾಳಾಗಿರುವುದಿಲ್ಲ, ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತಂದುಕೊಳ್ಳಬಹುದು.

ನೋಟ್‌ಪ್ಯಾಡ್ ಗೋಜೇ ಬೇಡವೆಂದರೆ ಇನ್ನೊಂದು ದಾರಿಯಿದೆ, ನಾವು ಹೇಳುವುದೂ ಅದನ್ನೇ. ಥಂಡರ್‌ಬರ್ಡ್‌ನಲ್ಲೇ ಹೊಸ ಮೇಲ್ ತೆರೆಯಿರಿ. ಮೊದಲೇ ಇರುವ ಸಹಿ ಅಳಿಸಿ, ಬೇಕಾದ ಸಹಿಯನ್ನು ಬೇಕಾದ ಗಾತ್ರ, ಬಣ್ಣದಲ್ಲಿ ಬರೆಯಿರಿ. ಫೈಲ್ ಮೆನುವಿನಿಂದ ‘ಸೇವ್ ಆ್ಯಸ್’, ‘ಫೈಲ್’ ಎಂದು ಹೋಗಿ ಎಚ್‌ಟಿಎಂಎಲ್ ಆಗಿ ಉಳಿಸಿ. ನಂತರ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆಯ ಹೆಸರು ಒತ್ತಿ, ‘ಅಟ್ಯಾಚ್ ದ ಸಿಗ್ನೇಚರ್ ಫ್ರಮ್ ಎ ಫೈಲ್’ಗೆ ಟಿಕ್ ಹಾಕಿ ಆ ಕಡತ ತೋರಿಸಿ. ಕಡತವನ್ನು ಆಮೇಲೆ ಬೇರೆ ಫೋಲ್ಡರ್‌ಗೆ ಸಾಗಿಸಿದರೆ ಸಹಿ ಬರುವುದು ನಿಲ್ಲುತ್ತದೆ. ಮೇಲ್‌ನ ಡಿಫಾಲ್ಟ್ ಫಾಂಟ್ ಸಹಿಗೆ ತಟ್ಟುವುದಿಲ್ಲ. ಸಹಿಯ ರೂಪ ಬದಲಾಗಬೇಕಾದರೆ ಕಡತವೇ ಬದಲಾಗಬೇಕು.

ಸಹಿಯ ಸ್ಥಾನ ಇರುವುದು ಅದೇ ಖಾತೆಯ ‘ಕಾಂಪೋಸಿಷನ್ ಅಂಡ್ ಅಡ್ರೆಸಿಂಗ್’ನಲ್ಲಿ. ಮೊದಲು ‘ಸ್ಟಾರ್ಟ್ ಮೈ ರಿಪ್ಲೈ ಅಬೌ ದ ಕೋಟ್’ ಆರಿಸಿ. ಆಗಷ್ಟೇ ಅದರ ಕೆಳಗಿನ ಸಾಲಿನಲ್ಲಿ ಸಹಿಯನ್ನು ‘ಬಿಲೋ ಮೈ ರಿಪ್ಲೈ’ಗೆ ತರಲು ಬಿಡುತ್ತದೆ. ಉತ್ತರಕ್ಕೆ, ಫಾರ್ವರ್ಡ್‌ಗೆ ಸಹಿ ಬೇಕೇ ಎಂಬ ಎರಡು ಟಿಕ್‌ಗಳೂ ಅಲ್ಲೇ ಇವೆ.

ಹೊಸ ಮೇಲ್‌ಗಳಲ್ಲಿ ಸಹಿಯ ಮೇಲೆ ಎರಡು ಅಡ್ಡಗೆರೆ ಬರುವುದು ದೋಷವಲ್ಲ. ಎರಡು ಗೆರೆ, ಒಂದು ಖಾಲಿ ಜಾಗ: ಇದು 2004ರ ಆರ್‌ಎಫ್‌ಸಿ 3676 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲೂ ಇರುವ ಹಳೆಯ ಗುರುತು. ಅದನ್ನು ಕಂಡೇ ಥಂಡರ್‌ಬರ್ಡ್ ಸಹಿಯನ್ನು ಮಸುಕಾಗಿ ತೋರಿಸುತ್ತದೆ, ಉತ್ತರಿಸುವಾಗ ಹಳೆಯ ಸಹಿಯನ್ನು ಕತ್ತರಿಸಿ ಬಿಡುತ್ತದೆ. ಗೆರೆ ಅಳಿಸಿದರೆ ಪ್ರತಿ ಉತ್ತರದಲ್ಲೂ ಸಹಿಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ, ಇದ್ದರೆ ಇರಲಿ.

ಪ್ರಶ್ನೆ: ಒಂದೇ ವಿಳಾಸಕ್ಕೆ ಕನ್ನಡದ್ದೊಂದು, ಇಂಗ್ಲಿಷಿನದೊಂದು ಸಹಿ ಇಟ್ಟುಕೊಳ್ಳಬಹುದೇ?

ಉತ್ತರ: ಖಂಡಿತ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಪುಟದ ಕೆಳಗಿನ ‘ಮ್ಯಾನೇಜ್ ಐಡೆಂಟಿಟೀಸ್’ ಒತ್ತಿ, ‘ಆ್ಯಡ್’ ಕೊಡಿ. ವಿಳಾಸ ಅದೇ ಇರಲಿ, ಸಹಿ ಬೇರೆ ಹಾಕಿ, ‘ಐಡೆಂಟಿಟಿ ಲೇಬಲ್’ನಲ್ಲಿ ‘ಕನ್ನಡ’ ಎಂದು ಬರೆಯಿರಿ. ಲೇಬಲ್ ಇಲ್ಲದಿದ್ದರೆ ಪಟ್ಟಿಯಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಮೇಲ್ ಬರೆಯುವಾಗ ‘ಫ್ರಮ್’ ಸಾಲಿನಲ್ಲಿ ಐಡೆಂಟಿಟಿ ಬದಲಿಸಿದರೆ ಸಹಿಯೂ ಬದಲಾಗುತ್ತದೆ. ಸಹಿಯ ಸ್ಥಾನದ ಆಯ್ಕೆಗಳು ಹೊಸ ಐಡೆಂಟಿಟಿಗೆ ಬೇರೆಯೇ ಇರುತ್ತವೆ. ಅದರದ್ದೇ ಕಿಟಕಿಯ ‘ಕಾಂಪೋಸಿಷನ್ ಅಂಡ್ ಅಡ್ರೆಸಿಂಗ್’ ಟ್ಯಾಬ್‌ನಲ್ಲಿ ಇನ್ನೊಮ್ಮೆ ಹೊಂದಿಸಿ.