ಹಳೆಯ ವುಲ್ಫ್ ಮ್ಯಾನ್ ಮೊದಲು ನೋಡಿ

ಮನುಷ್ಯ ತೋಳವಾಗುವ ಹಾಲಿವುಡ್ ಹಾರರ್ ಸಿನಿಮಾ, 2010ರ 'ದಿ ವುಲ್ಫ್‌ಮ್ಯಾನ್', ಮೇಕಪ್‌ಗೆ ಆಸ್ಕರ್ ಬಂದ ಮೇಲೂ ನನಗೆ ಯಾಕೆ ಹಿಡಿಸಲಿಲ್ಲ, 1941ರ ಮೂಲ ಸಿನಿಮಾ ಬಿಟ್ಟು ಇದನ್ನೇ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಹಳೆಯದು ಬರೀ 70 ನಿಮಿಷದ್ದು, ಅದನ್ನೇ ಮೊದಲು ನೋಡಿ.

ಅದರಲ್ಲಿ ನಾಯಕ ಲಾನ್ ಚೇನಿ ಜೂನಿಯರ್ ಮೊದಲ ಸಲ ತೋಳವಾಗುವಾಗ ಕ್ಯಾಮೆರಾ ಮುಖ ತೋರಿಸುವುದೇ ಇಲ್ಲ. ಕುರ್ಚಿಯಲ್ಲಿ ಕೂತು ಶೂ, ಸಾಕ್ಸ್ ಬಿಚ್ಚುತ್ತಾನೆ. ಕಾಲ ಮೇಲೆ ಕೂದಲು ನಿಧಾನವಾಗಿ ದಟ್ಟವಾಗುತ್ತದೆ. ಆಮೇಲೆ ಆ ಪಾದಗಳು ತುದಿಗಾಲಲ್ಲಿ ಎದ್ದು ನಡೆಯುತ್ತವೆ. ಅಷ್ಟೇ. ಹನುಮಂತನಗರದ ಮನೆಯಲ್ಲಿ ಅಪ್ಪನ ಪಕ್ಕ ಕೂತು ನೋಡಿದ್ದೆ. ಆ ರಾತ್ರಿ ಹಿತ್ತಲ ಬಾಗಿಲ ಚಿಲಕ ಎರಡು ಸಲ ನೋಡಿ ಬಂದೆ.

ಹೊಸದನ್ನು ಮೆಜೆಸ್ಟಿಕ್ ಹತ್ತಿರದ ಥಿಯೇಟರಿನಲ್ಲಿ ನೋಡಿದೆ. ಮೇಕಪ್ ಮಾಡಿದ ರಿಕ್ ಬೇಕರ್ ಕೈಕೆಲಸ ನಿಜಕ್ಕೂ ಚೆನ್ನಾಗಿದೆ, 1941ರಲ್ಲಿ ಮೇಕಪ್‌ಮನ್ ಜ್ಯಾಕ್ ಪಿಯರ್ಸ್ ಮಾಡಿದ್ದ ತೋಳದ ಮುಖಕ್ಕೆ ಮರ್ಯಾದೆ ಕೊಟ್ಟೇ ಮಾಡಿದ್ದಾರೆ. ಆದರೆ ಮನುಷ್ಯ ತೋಳವಾಗುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಗ್ರಾಫಿಕ್ಸ್ ಬಂದು ಕೂರುತ್ತದೆ. ಅಂಥ ಮೇಕಪ್ ಇಟ್ಟುಕೊಂಡು ಹೀಗೆ ಮಾಡಿದರಲ್ಲಾ ಅಂತ ಹೊಟ್ಟೆ ಉರಿಯಿತು.

ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ನಾಯಕನ ಅಪ್ಪನ ಪಾತ್ರ. ಹಳೆಯದರಲ್ಲಿ ನಟ ಕ್ಲಾಡ್ ರೇನ್ಸ್ ಮಾಡಿದ್ದು ಒಳ್ಳೆಯ ಅಪ್ಪನ ಪಾತ್ರ. ಮಗ ಹೇಳುವುದನ್ನು ನಂಬುವುದಿಲ್ಲ, ಅಷ್ಟೇ. ಕರುಳು ಹಿಂಡುವುದೇ ಅದು. ಹೊಸದರಲ್ಲಿ ಅಪ್ಪನನ್ನೇ ವಿಲನ್ ಮಾಡಿದ್ದಾರೆ. ಕೊನೆಗೆ ಸುಮ್ನೆ ಹೊಡೆದಾಟ. ಅಳು ಬರಬೇಕಾದ ಜಾಗ ಅದು, ಅಲ್ವಾ?

ಎರಡನ್ನೂ ನೋಡುವುದಾದರೆ ಒಂದೇ ರಾತ್ರಿ ಬೇಡ. ಹಳೆಯದರ ಕೊನೆಯ ದೃಶ್ಯ ಒಂದು ದಿನ ಮನಸ್ಸಿನಲ್ಲಿರಲಿ.